ಒಂದೇ ಕಟ್ಟಿನವರು

ನಮ್ಮೂರಿನಲ್ಲಿ ಇಬ್ಬರು ಒಂದೇ ಕೆಲಸವನ್ನು ಒಂದೇ ಗಳಿಗೆಯಲ್ಲಿ ಮಾಡಿದರೆ ಒಬ್ಬರದು ಮಾತ್ರ ನಡೆಯುತ್ತದೆ. ಅಕ್ಕಪಕ್ಕದ ಮನೆಯವರು ಒಟ್ಟಿಗೇ ನಲ್ಲಿ ತಿರುಗಿಸಿದರೆ ಒಂದು ಕೊಡ ತುಂಬುತ್ತದೆ, ಇನ್ನೊಂದರ ತಳ ಒಣಗಿಯೇ ಇರುತ್ತದೆ. ಎರಡು ಬೇಕರಿಗಳಲ್ಲಿ ಒಂದೇ ಹೊತ್ತಿಗೆ ಬ್ರೆಡ್ಡು ಒಲೆಗೆ ಹೋದರೆ ಒಂದು ಉಬ್ಬುತ್ತದೆ, ಇನ್ನೊಂದು ಹಿಟ್ಟಾಗಿಯೇ ಹೊರಬರುತ್ತದೆ. ಉಸಿರಾಟ, ನಡಿಗೆ, ನಿದ್ದೆ ಇವಕ್ಕೆ ಮಾತ್ರ ಈ ಕಟ್ಟಳೆ ಇಲ್ಲ. ಯಾಕೆ ಹೀಗೆ ಎಂದು ನಾವು ಕೇಳುವುದಿಲ್ಲ. ಬೆಂಕಿ ಯಾಕೆ ಸುಡುತ್ತದೆ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ಅದಕ್ಕೇ ನಾವು ಕಾಯುವ ಜನ. ದೀಪ ಹಚ್ಚುವ ಮುಂಚೆ ಎದುರುಮನೆಯ ಕಿಟಕಿ ನೋಡುತ್ತೇವೆ. ಮಕ್ಕಳು ಒಬ್ಬರ ಹಿಂದೆ ಒಬ್ಬರು ಮಗ್ಗಿ ಹೇಳುತ್ತಾರೆ. ಮದುವೆಯಲ್ಲಿ ಹುಡುಗಿ ಹಾರ ಹಾಕಿ ಕೈ ಇಳಿಸಿದ ಮೇಲೆಯೇ ಹುಡುಗ ಹಾರ ಎತ್ತುವುದು. ಸಾವಿನ ಮನೆಯಲ್ಲಿ ಸರದಿಯಂತೆ ಅಳುತ್ತೇವೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಒಬ್ಬರ ದುಃಖ ಹೊರಬರದೆ ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಗಂಡು ನೋಡಲು ಹೋದವರು ಅವನ ಸಂಬಳ ಕೇಳುವ ಮೊದಲು ಅವನಿಗೆ ಕಾಯಲು ಬರುತ್ತದೆಯೇ ಎಂದು ಕೇಳುತ್ತಾರೆ. ಊರಲ್ಲಿ ಹಾಡುವವರಿದ್ದಾರೆ, ಆದರೆ ಎರಡು ಗಂಟಲು ಕೂಡಿದ ಹಾಡನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ನನ್ನ ಹೆಸರು ಮಂದಾಕಿನಿ. ಊರಿನ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವೂ ಇತ್ತು. ಹರಿಗೋಲು ಎಂಬ ಕಂಪೈಲರನ್ನು ನಾನೂ ವಿಶ್ವಂಭರ ಮಾಸ್ತರೂ ನೋಡಿಕೊಳ್ಳುತ್ತಿದ್ದೆವು. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ದಾಟಿಸುವುದು ಅದರ ಕೆಲಸ, ಆದ್ದರಿಂದ ಆ ಹೆಸರು. ಮಾಸ್ತರು ಅದನ್ನು ಪ್ರಾಯದಲ್ಲಿ ಬರೆದು, ಯಾರು ಬೇಕಾದರೂ ಓದಲಿ, ತಿದ್ದಲಿ, ಒಯ್ಯಲಿ ಎಂದು ಬಯಲಿಗೆ ಇಟ್ಟುಬಿಟ್ಟಿದ್ದರು. ದೂರದೂರದ ಊರುಗಳವರೂ ಅದನ್ನು ಬಳಸುತ್ತಿದ್ದರು. ಅಲ್ಲಿ ಎಲ್ಲರೂ ಎಲ್ಲವನ್ನೂ ಒಟ್ಟಿಗೇ ಮಾಡುತ್ತಾರಂತೆ, ಮಾರುಕಟ್ಟೆಯಲ್ಲಿ ಒಬ್ಬರ ಮೇಲೊಬ್ಬರು ಕೂಗುತ್ತಾರಂತೆ. ನಮಗೆ ಅದನ್ನು ಊಹಿಸುವುದೂ ಕಷ್ಟ.

ಆಸ್ಪತ್ರೆಯ ಸ್ಕ್ಯಾನ್ ಯಂತ್ರ ಮೈಯೊಳಗನ್ನು ಅಳೆದು ರಾಶಿ ರಾಶಿ ಅಂಕಿಗಳನ್ನು ಕೊಡುತ್ತಿತ್ತು. ಆ ಅಂಕಿಗಳು ಚಿತ್ರವಾಗಲು ನಮ್ಮ ಕಂಪ್ಯೂಟರಿಗೆ ಒಬ್ಬ ರೋಗಿಗೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತಿತ್ತು. ಒಂದು ಲೆಕ್ಕ ಮುಗಿದ ಮೇಲೆ ಇನ್ನೊಂದು, ನಮ್ಮೂರಿನ ರೀತಿಯೇ. ಚಿತ್ರ ಬರುವ ಮೊದಲೇ ಕೆಲವರು ತೀರಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲಿ ನನ್ನ ತಂಗಿ ಸುಲೋಚನಾಗೆ ತಲೆನೋವು ಶುರುವಾಯಿತು. ಬೇಕರಿಯಲ್ಲಿ ಕೆಲಸ ಮಾಡುವ ಗಟ್ಟಿ ಹೆಂಗಸು. ಒಂದು ದಿನ ತಟ್ಟೆ ತುಂಬ ಬನ್ನು ಹಿಡಿದುಕೊಂಡೇ ಕುಸಿದುಬಿದ್ದಳು. ಅವಳ ಹಿಂದೆ ಮುಂದೆ ಸ್ಕ್ಯಾನಿನ ಸರದಿಯಲ್ಲಿ ಬಹಳ ಜನ ಇದ್ದರು.

ಸ್ಕ್ಯಾನ್ ವಿಭಾಗದ ಡಾಕ್ಟರ್ ಫಿಲೋಮಿನಾ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತರು. "ಚಿತ್ರಗಳನ್ನು ಬೇಗ ಮಾಡೋ ಕಾರ್ಡು ಬಂದು ಪೆಟ್ಟಿಗೆಯಲ್ಲೇ ಕೂತಿದೆ. ಯಾಕೆ ಹಾಕ್ತಾ ಇಲ್ಲ ನೀವು?"

"ಹರಿಗೋಲಿಗೆ ಆ ಕಾರ್ಡಿನ ಭಾಷೆ ಬರೋದಿಲ್ಲ, ಡಾಕ್ಟರೇ."

"ಕಲಿಸಿ."

"ಅದು ಸಾವಿರಾರು ಪುಟ್ಟ ಕೈಗಳಿರೋ ಯಂತ್ರ. ಎಲ್ಲ ಕೈಗಳೂ ಒಂದೇ ಲೆಕ್ಕವನ್ನ ಒಂದೇ ಗಳಿಗೆಯಲ್ಲಿ ಮಾಡುತ್ತವೆ. ನಮ್ಮೂರಲ್ಲಿ ಅದು ನಡೆಯುತ್ತಾ?"

"ನಿಮ್ಮ ತಂಗಿಗೆ ಸರದಿ ಬರುವ ಹೊತ್ತಿಗೆ ಅದು ನಡೆಯದಿದ್ದರೆ ಬೇರೇನೂ ನಡೆಯೋದಿಲ್ಲ" ಎಂದು ಹೇಳಿ ಹೋದರು.

ಆ ಗ್ರಾಫಿಕ್ಸ್ ಕಾರ್ಡನ್ನು ಹಾಕಿ, ಹರಿಗೋಲಿಗೆ ಅದರ ಭಾಷೆ ಸೇರಿಸಲು ಕೂತೆ. ಮೊದಲ ಸಲ ಓಡಿಸಿದಾಗ ಪರದೆಯೆಲ್ಲ ಕಪ್ಪು, ನಡುವೆ ಒಂದೇ ಒಂದು ಬಿಳಿ ಚುಕ್ಕೆ. ಸಾವಿರಾರು ಕೈಗಳಲ್ಲಿ ಒಂದರ ಕೆಲಸ ಮಾತ್ರ ನಡೆದಿತ್ತು. ಉಳಿದವುಗಳದು ಒಣ ಕೊಡ. ಕೈಗಳು ಒಂದಾದ ಮೇಲೊಂದು ಲೆಕ್ಕ ಮಾಡುವಂತೆ ಬರೆದೆ. ಚಿತ್ರ ಸರಿಯಾಗಿ ಬಂತು, ಆದರೆ ಮೊದಲಿಗಿಂತಲೂ ನಿಧಾನವಾಗಿ.

ವಿಶ್ವಂಭರ ಮಾಸ್ತರನ್ನು ಮನೆಯಿಂದ ಕರೆದುಕೊಂಡು ಬಂದೆ. ಅವರು ನಾನು ಬರೆದದ್ದನ್ನೆಲ್ಲ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಓದಿದರು.

"ಪ್ರತಿ ಕೈಗೂ ನೀನು ಅಪ್ಪಣೆ ಬರೆದಿದ್ದೀಯ" ಎಂದರು. "ಅಷ್ಟೂ ಜನರನ್ನ ಹೆಸರು ಹಿಡಿದು ಕರೆದು ಕೆಲಸಕ್ಕೆ ಹಚ್ಚಿದ ಹಾಗೆ. ಅದಕ್ಕೇ ಕಟ್ಟಳೆ ಅವರನ್ನ ಎಣಿಸ್ತಾ ಇದೆ."

"ಮತ್ತೇನು ಮಾಡಬೇಕು?"

"ಈ ಕಾರ್ಡು ಕೈಗಳನ್ನ ಮೂವತ್ತೆರಡರ ಕಟ್ಟುಗಳಾಗಿ ನಡೆಸುತ್ತೆ. ಅಪ್ಪಣೆ ಒಂದೇ, ಕಟ್ಟಿಗೆ. ಕೈಗಳಿಗಲ್ಲ. ಆಗ ಮಾಡಿದವರು ಮೂವತ್ತೆರಡು ಜನ ಅಲ್ಲ. ಒಬ್ಬರೇ."

ಹಾಗೇ ಬರೆದೆ. ಒಂದು ಕೈಗೆ ಒಬ್ಬ ರೋಗಿ, ಒಂದು ಕಟ್ಟಿಗೆ ಒಂದು ಅಪ್ಪಣೆ. ಸರದಿಯ ಮೊದಲ ಮೂವತ್ತೆರಡು ಜನರ ಅಂಕಿಗಳನ್ನು ಒಟ್ಟಿಗೆ ಕೊಟ್ಟೆ. ಅವರಲ್ಲಿ ನನ್ನ ತಂಗಿ ಸುಲುವೂ ಇದ್ದಳು. ಡಾಕ್ಟರ್ ಫಿಲೋಮಿನಾ ಕಾಫಿ ಲೋಟ ಕೆಳಗಿಡುವುದರೊಳಗೆ ಮೂವತ್ತೆರಡು ತಲೆ, ಎದೆ, ಹೊಟ್ಟೆಗಳ ಚಿತ್ರಗಳು ಪರದೆಯ ಮೇಲೆ ಮೂಡಿದವು. ಅವರು ಒಂದೊಂದನ್ನೇ ನೋಡುತ್ತ ಹೋಗಿ ಸುಲುವಿನದರ ಮುಂದೆ ನಿಂತರು. "ಹೆಪ್ಪುಗಟ್ಟಿದ ರಕ್ತ. ಇಲ್ಲಿ. ಈ ವಾರವೇ ತೆಗೆಯಬಹುದು" ಎಂದರು. ನಾನು ಕೂತಲ್ಲೇ ಸರದಿಯನ್ನೂ ಮರೆತು ಅತ್ತೆ. ಆಗ ಊರಲ್ಲಿ ಇನ್ನಾರೂ ಅಳುತ್ತಿರಲಿಲ್ಲವೆಂದು ತೋರುತ್ತದೆ, ಕಣ್ಣೀರು ಬಂತು.

ಮುಂದಿನ ಕೆಲವು ದಿನ ಸುಲು ವಿಚಿತ್ರವಾಗಿ ತಡವರಿಸುತ್ತಿದ್ದಳು. ಮಾತಿನ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು ಮತ್ತೆ ಮುಂದುವರಿಯುತ್ತಿದ್ದಳು. ತಲೆಯೊಳಗಿನ ಹೆಪ್ಪಿನದೇ ಕಾಟ ಅಂದುಕೊಂಡೆವು.

ಅವಳಿಗೆ ಆಪರೇಷನ್ ನಡೆದದ್ದು ಒಂದು ಬೆಳಿಗ್ಗೆ. ಅರಿವಳಿಕೆ ಕೊಟ್ಟು ಅವಳನ್ನು ಒಳಗೆ ಒಯ್ದರು, ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿ ಗದ್ದಲ. ಹೋಟೆಲಿನ ಒಬ್ಬ ಹೆಂಗಸನ್ನು ಒಬ್ಬ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ. ಅವಳ ಕೈ ದೋಸೆ ಮಗುಚುವ ಭಂಗಿಯಲ್ಲೇ ನಿಂತಿತ್ತು. ಕಣ್ಣು ತೆರೆದಿತ್ತು, ಉಸಿರು ಆಡುತ್ತಿತ್ತು. "ದೋಸೆ ಕರಕಲಾದರೂ ಅಲುಗಾಡಲಿಲ್ಲ" ಎಂದ ಗಾಡಿಯವನು. ಅವಳ ಹಿಂದೆಯೇ ಒಬ್ಬ ಮುದುಕನನ್ನು ತಂದರು, ನಿವೃತ್ತ ಬಸ್ ಡ್ರೈವರ್ ಕರಿಬಸಪ್ಪ. ಚಪ್ಪಲಿಗೆ ಕಾಲು ತೂರಿಸುತ್ತ ಬಗ್ಗಿದವರು ಬಗ್ಗಿಯೇ ಇದ್ದರು. ಅವರ ಹೆಂಡತಿ ಸಾವಂತ್ರವ್ವ ಒಂಟಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಜೊತೆಗೇ ಬಂದಿದ್ದರು. ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಮೊಗಸಾಲೆ ಗೊಂಬೆಯಂಗಡಿಯ ಹಾಗಾಯಿತು.

ಡಾಕ್ಟರ್ ಫಿಲೋಮಿನಾ ಅವರ ಮುಖಗಳನ್ನು ನೋಡುತ್ತ ನಡೆದರು. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು, "ಇವರೆಲ್ಲರ ಚಿತ್ರಗಳನ್ನ ನಾನು ನೋಡಿದ್ದೇನೆ. ಅವತ್ತು ಕಾರ್ಡಿನಿಂದ ಎಲ್ಲ ಒಟ್ಟಿಗೇ ಬಂದಿದ್ದವು."

ಒಳಗೆ ಸುಲು ಕಣ್ಣು ಬಿಟ್ಟಾಗ ಮೊಗಸಾಲೆಯಲ್ಲಿ ಮೂವತ್ತೊಂದು ಜನ ಒಟ್ಟಿಗೇ ಕಣ್ಣು ಮಿಟುಕಿಸಿದರು. ಹೋಟೆಲಿನ ಹೆಂಗಸಿನ ಕೈ ಗಾಳಿಯಲ್ಲಿ ದೋಸೆ ಮಗುಚಿತು.

ಕಾರ್ಡಿನ ರೀತಿ ಅದು, ಈಗ ಆ ಮೂವತ್ತೆರಡು ಜನರದೂ. ಕಟ್ಟಿನಲ್ಲಿ ಒಂದು ಕೈ ಬೇರೆ ದಾರಿ ಹಿಡಿದರೆ ಉಳಿದವು ನಿಂತು ಕಾಯುತ್ತವೆ, ಅದು ಮರಳಿ ಬಂದು ಕೂಡಿಕೊಳ್ಳುವವರೆಗೆ. ಸಣ್ಣ ವ್ಯತ್ಯಾಸಕ್ಕೆ ಸಣ್ಣ ನಿಲುಗಡೆ, ದೊಡ್ಡದಕ್ಕೆ ದೊಡ್ಡದು. ಸುಲು ಅರಿವಳಿಕೆಯಲ್ಲಿ ಬಹಳ ದೂರ ಹೋಗಿದ್ದಳು. ಅವಳನ್ನು ಕಟ್ಟಿನಿಂದ ಬಿಡಿಸಲೆಂದು ಅವಳ ಅಂಕಿಗಳನ್ನು ಹಳೆಯ ನಿಧಾನದ ರೀತಿಯಲ್ಲಿ ಒಂಟಿಯಾಗಿ ಮತ್ತೆ ಓಡಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಕೂಡಿದ್ದು ಕೂಡಿಬಿಟ್ಟಿತ್ತು.

ಆ ಮೂವತ್ತೆರಡು ಜನ ಕಡೆಗೆ ಹಳೆಯ ನೇಯ್ಗೆ ಕಾರ್ಖಾನೆಯ ಶೆಡ್ಡಿನಲ್ಲಿ ಒಟ್ಟಿಗೆ ಇರಲು ಒಪ್ಪಿಕೊಂಡರು. ಒಂದೇ ಸಾಲಿನಲ್ಲಿ ಮಂಚಗಳು, ಒಂದೇ ಹೊತ್ತಿಗೆ ಏಳುವುದು, ಒಂದೇ ಹೊತ್ತಿಗೆ ಉಣ್ಣುವುದು. ಒಟ್ಟಿಗೆ ಮಾಡಿದಷ್ಟು ಹೊತ್ತು ಅವರಿಗೆ ತಡೆ ಇರಲಿಲ್ಲ. ಮೂವತ್ತೆರಡು ಕೈಗಳು ಒಂದೇ ಸಲ ಕೊಡ ಬಗ್ಗಿಸುತ್ತಿದ್ದವು, ಮೂವತ್ತೆರಡು ಲೋಟಗಳೂ ತುಂಬುತ್ತಿದ್ದವು. ಊರವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಮ್ಮ ಕಣ್ಣಿಗೆ ಅದು ನೀರು ಮೇಲಕ್ಕೆ ಹರಿದಷ್ಟೇ ಅಸಹಜ.

ಒಂದು ಸಂಜೆ ಅವರು ಹಾಡಿದರು. ಯಾರು ಶುರು ಮಾಡಿದರೆಂದು ಹೇಳುವಂತಿರಲಿಲ್ಲ. ರಾಗಿ ಬೀಸುವಾಗ ಹೇಳುವ ಒಂದು ಹಳೇ ಪದ, ಮೂವತ್ತೆರಡು ಗಂಟಲಿನಿಂದ ಒಮ್ಮೆಲೇ. ಬಾಗಿಲಲ್ಲಿ ನಿಂತಿದ್ದವರ ಮೈಮೇಲೆ ಮುಳ್ಳೆದ್ದಿತು. ಕೆಲವರು ಅಲ್ಲೇ ಕೂತುಬಿಟ್ಟರು. ಒಬ್ಬ ಬಸುರಿ ಕಿವಿ ಮುಚ್ಚಿಕೊಂಡು ಓಡಿಹೋದಳು. ನಾನು ಸುಲುವಿನ ಮುಖ ನೋಡುತ್ತಿದ್ದೆ. ಅವಳು ಚಿಕ್ಕಂದಿನಿಂದ ಅಪಸ್ವರದವಳು, ಈಗ ಅವಳ ದನಿ ಯಾವುದೆಂದು ಹುಡುಕಿದರೂ ಸಿಗಲಿಲ್ಲ. ನನ್ನನ್ನು ಕಂಡು ನಕ್ಕಳು. ಅವಳ ಜೊತೆ ಮೂವತ್ತೊಂದು ಮುಖಗಳು ನಕ್ಕವು, ಗುರುತೇ ಇಲ್ಲದ ಮುಖಗಳು, ಅಕ್ಕನನ್ನು ಕಂಡ ನಗು.

"ನೋವಾಗುತ್ತಾ ಸುಲು?" ಎಂದು ಮರುದಿನ ಕೇಳಿದೆ.

"ಇಲ್ಲ. ನನಗೆ ತಲೆನೋವು ಇಲ್ಲವೇ ಇಲ್ಲ" ಎಂದಳು. ಆಮೇಲೆ ದನಿ ತಗ್ಗಿಸಿ, "ಆದರೆ ಎದೇಲಿ ಏನೋ ಕುಟ್ಟುತ್ತೆ. ಅದು ನಂದಲ್ಲ, ಆ ಡ್ರೈವರಜ್ಜಂದು."

ಅದೇ ನಮ್ಮೆಲ್ಲರ ಚಿಂತೆಯಾಗಿತ್ತು. ಕರಿಬಸಪ್ಪನವರ ಶ್ವಾಸಕೋಶದಲ್ಲಿ ಗೆಡ್ಡೆ ಇತ್ತು. ತೆಗೆಯಲು ಬರುವಂಥದ್ದಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಅರಿವಳಿಕೆಯಿಂದ ಸುಲು ಮರಳಿ ಬಂದಳು, ಉಳಿದವರು ಚಲಿಸಿದರು. ಕರಿಬಸಪ್ಪ ಹೋಗುವ ದಾರಿಯಿಂದ ಮರಳುವುದಿಲ್ಲ. ಆಗ ಮೂವತ್ತೊಂದು ಜನ ಕಣ್ಣು ತೆರೆದುಕೊಂಡು ಎಷ್ಟು ಕಾಲ ನಿಲ್ಲಬೇಕು?

ನಾನೂ ಮಾಸ್ತರೂ ಕೋಡಿನ ಮುಂದೆ ಕೂತೆವು. ಮಾಸ್ತರಿಗೆ ದಾರಿ ಕಂಡಿತು, ಆದರೆ ಅವರು ಅದನ್ನು ಹೇಳಲು ತಡಮಾಡಿದರು.

"ಕಾರ್ಡಿನಲ್ಲಿ ಇನ್ನೊಂದು ಸೌಕರ್ಯ ಇದೆ. ಕಟ್ಟಿನಲ್ಲಿ ಬೇಡವಾದ ಕೈಯನ್ನ ಮುಸುಕು ಹಾಕಿ ಬದಿಗಿಡಬಹುದು. ಆಮೇಲೆ ಉಳಿದ ಕೈಗಳು ಅದಕ್ಕೆ ಕಾಯೋದಿಲ್ಲ."

"ಆ ಕೈ ಏನಾಗುತ್ತೆ?"

"ಏನೂ ಆಗೋದಿಲ್ಲ. ಇರುತ್ತೆ. ಅದಕ್ಕೆ ಯಾರೂ ಕಾಯೋದಿಲ್ಲ, ಅಷ್ಟೆ." ಅವರು ಕನ್ನಡಕ ತೆಗೆದು ಒರೆಸಿದರು. "ಕಾರ್ಡಿನಲ್ಲಿ ಅಷ್ಟೆ. ನಮ್ಮೂರಲ್ಲಿ ಅದರ ಅರ್ಥ ಏನು ಅಂತ ನನಗೆ ಗೊತ್ತಿಲ್ಲ."

ಆ ಮಾತನ್ನು ಕರಿಬಸಪ್ಪನವರಿಗೆ ಮುಟ್ಟಿಸಲು ನಾನೇ ಹೋದೆ. ಅವರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಸಾಲಿನುದ್ದಕ್ಕೂ ಎಲ್ಲರೂ ಹಾಗೇ ಒರಗಿದ್ದರು. ನಾನು ಹೇಳುವುದನ್ನು ಅವರೊಬ್ಬರೇ ಅಲ್ಲ, ಸಾಲಿಗೆ ಸಾಲೇ ತಲೆ ಓರೆ ಮಾಡಿ ಕೇಳಿಸಿಕೊಂಡಿತು.

"ಹಂಗಾರ ನಾ ಸತ್ತರ ಇವರೆಲ್ಲ ಕಲ್ಲಾಗ್ತಾರ" ಎಂದರು.

"ಹೌದು ಅಜ್ಜ."

"ಮುಸುಕು ಹಾಕಿದರ?"

"ಅವರಿಗೆ ಏನೂ ಆಗೋದಿಲ್ಲ. ಆದರೆ ನಿಮಗೋಸ್ಕರ ಯಾರೂ ಕಾಯೋದಿಲ್ಲ. ಇವರು ಮಾತ್ರವೋ, ಇಡೀ ಊರೋ, ನನಗೆ ತಿಳಿಯದು."

ಅವರು ಬಹಳ ಹೊತ್ತು ಕೆಮ್ಮಿದರು. ಸಾಲು ಇದ್ದ ಹಾಗೇ ನಿಂತಿತು, ಕೆಮ್ಮು ಮುಗಿದ ಮೇಲೆ ಚಲಿಸಿತು. "ಬಸ್ಸು ಬಿಡೂ ಮುಂದ ಓಡಿ ಬರೋರ ಸಲುವಾಗಿ ನಾ ಭಾಳ ಕಾದೀನವ್ವ" ಎಂದರು. "ಒಂದೊಂದು ಸಲ ಯಾರೂ ಬರೂದಿಲ್ಲ ಅಂತ ಗೊತ್ತಿದ್ದೂ ಕಾಯ್ತಿದ್ದೆ. ಅಷ್ಟು ಮಂದಿ ಸೀಟಿನ್ಯಾಗ ಕುಂತು ಬೈಯೋರು. ಹಾಕು ಮುಸುಕ. ಸಾವಂತ್ರಿಗೆ ಹೇಳಬ್ಯಾಡ."

ಹೇಳಬಾರದೆಂದಿದ್ದರೂ ಹೇಳಿದೆ. ಸಾವಂತ್ರವ್ವ ನನ್ನ ಮುಖವನ್ನೇ ನೋಡಿದರು. "ಯಾರು ಬಿಟ್ಟರೂ ನಾ ಕಾಯೂದು ಬಿಡಂಗಿಲ್ಲ" ಎಂದರು. "ನೀ ಏನು ಬೇಕಾದ್ದು ಬರಿ."

ಮುಸುಕಿನ ಸಾಲುಗಳನ್ನು ಬರೆದು, ಮಾಸ್ತರು ಓದಿ ಒಪ್ಪಿದ ಮೇಲೆ, ಆ ಕಟ್ಟನ್ನು ಮತ್ತೊಮ್ಮೆ ಓಡಿಸಿದೆ. ಶೆಡ್ಡಿಗೆ ಹೋದಾಗ ಮೂವತ್ತೊಂದು ಜನ ಎದ್ದು ನಿಂತು ಹೊದಿಕೆ ಮಡಿಸುತ್ತಿದ್ದರು. ಕರಿಬಸಪ್ಪ ಮಾತ್ರ ಮಲಗಿಯೇ ಇದ್ದರು, ಅವರ ಪಾಡಿಗೆ ಕೆಮ್ಮುತ್ತ. ಯಾರೂ ನಿಲ್ಲಲಿಲ್ಲ. ಸುಲು ತನ್ನ ಎದೆಯ ಮೇಲೆ ಕೈಯಿಟ್ಟು, "ಕುಟ್ಟೋದು ನಿಂತಿತು" ಎಂದಳು. ಮೂವತ್ತು ಬಾಯಿಗಳು ಅದನ್ನೇ ಅಂದವು.

ಡಾಕ್ಟರ್ ಫಿಲೋಮಿನಾ ಕಾರ್ಡನ್ನು ನಿಲ್ಲಿಸಲು ಒಪ್ಪಲಿಲ್ಲ. "ಚಿತ್ರಕ್ಕೆ ಕಾದು ಸತ್ತವರು ಯಾರ ಜೊತೆಗೂ ಇರೋದಿಲ್ಲ" ಎಂದರು. ಕಟ್ಟಿನ ವಿಷಯವನ್ನು ಮೊದಲೇ ತಿಳಿಸಿ, ಒಪ್ಪಿದವರದನ್ನು ಮಾತ್ರ ಓಡಿಸುವುದೆಂದು ಗೊತ್ತುಮಾಡಿದರು. ಯಾರೂ ಬರಲಾರರು ಎಂದುಕೊಂಡಿದ್ದೆ. ಬಂದರು. ಈಗ ಸ್ಕ್ಯಾನಿನ ಬಾಗಿಲಲ್ಲಿ ಏನು ಕಾಯಿಲೆ ಎಂದು ಕೇಳುವ ಮುಂಚೆ ಯಾರ ಜೊತೆ ಎಂದು ಕೇಳುತ್ತಾರೆ. ಅಣ್ಣತಮ್ಮಂದಿರು ಜಗಳ ಬಿಟ್ಟು ಒಂದೇ ಕಟ್ಟಿಗೆ ಹೆಸರು ಕೊಟ್ಟರು. ಪ್ರೀತಿಸಿದ ಇಬ್ಬರು ಇಲ್ಲದ ತಲೆನೋವು ಹೇಳಿಕೊಂಡು ಬಂದರು. ಹೊರ ಊರುಗಳವರು ನಾವು ಬಯಲಿಗಿಟ್ಟ ಹೊಸ ಹರಿಗೋಲನ್ನು ಒಯ್ದು, ಬಹಳ ವೇಗವಾಗಿದೆ ಎಂದು ಹೊಗಳಿ ಬರೆದರು. ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಇತ್ತ ಕರಿಬಸಪ್ಪನವರ ಸುತ್ತ ಒಂದು ಬಗೆಯ ಮರೆವು ಬೆಳೆಯಿತು. ಅದನ್ನು ಮರೆವು ಅನ್ನುವುದೂ ತಪ್ಪು. ಎಲ್ಲರಿಗೂ ಅವರು ನೆನಪಿದ್ದರು, ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಆದರೆ ಅಜ್ಜ ಉತ್ತರ ಕೊಡುವುದರೊಳಗೆ ಮಾತಾಡಿಸಿದವರು ಮುಂದೆ ಹೋಗಿರುತ್ತಿದ್ದರು. ನರ್ಸು ಮಾತ್ರೆಯನ್ನು ಅವರು ಕೈ ಚಾಚುವ ಮೊದಲೇ ಬಿಟ್ಟುಬಿಡುತ್ತಿದ್ದಳು, ಅದು ನೆಲಕ್ಕೆ ಬೀಳುತ್ತಿತ್ತು. ಕ್ಷೌರಿಕ ಅರ್ಧ ಗಡ್ಡ ಬೋಳಿಸಿ ಎದ್ದುಹೋದ. ಮಾಸ್ತರು ನೋಡಲು ಬಂದವರು ಕುಶಲ ಕೇಳಿ, ಅಜ್ಜ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ದಾಟಿದ್ದರು. ಅಜ್ಜ ಯಾರನ್ನೂ ದೂರಲಿಲ್ಲ. ನಾನು ಅವರ ಉಳಿದರ್ಧ ಗಡ್ಡ ತೆಗೆಯಲು ಕೂತಾಗ, "ನೀ ಜಬರದಸ್ತಿ ಮಾಡಿ ಕುಂತೀ, ನನಗ ಗೊತ್ತಾಗತೈತಿ" ಎಂದರು. ನಿಜವಾಗಿತ್ತು. ನನ್ನ ಕಾಲುಗಳು ಏಳು ಏಳು ಎನ್ನುತ್ತಿದ್ದವು. ಅವರ ಮುಂದೆ ಕೂರುವುದು ಇಳಿಜಾರಿನಲ್ಲಿ ನಿಂತಂತೆ ಆಗುತ್ತಿತ್ತು.

ಸಾವಂತ್ರವ್ವ ಮೊದಲ ದಿನಗಳಲ್ಲಿ ಮಂಚದ ಕಾಲಿಗೆ ತಮ್ಮ ಸೆರಗಿನ ಚುಂಗು ಕಟ್ಟಿಕೊಂಡು ಕೂರುತ್ತಿದ್ದರು. ಎದ್ದರೆ ಜಗ್ಗುತ್ತದೆ, ನೆನಪಾಗುತ್ತದೆ ಎಂದು. ಒಂದು ದಿನ ನೋಡಿದರೆ ಮಂಚದ ಕಾಲಿನಲ್ಲಿ ಹರಿದ ಚುಂಗು ಮಾತ್ರ ಇತ್ತು. ಅವರು ಹೊರಗೆ ಕಟ್ಟೆಯ ಮೇಲೆ ಯಾರೊಂದಿಗೋ ಮಾತಾಡುತ್ತ ಅವರೆಕಾಯಿ ಬಿಡಿಸುತ್ತಿದ್ದರು. ಕರಿಬಸಪ್ಪ ಆ ಚುಂಗನ್ನು ಬಿಚ್ಚಿಕೊಟ್ಟು, ಸಾವಂತ್ರವ್ವನ ಕಣ್ಣಿಗೆ ಬೀಳದ ಹಾಗೆ ಎಲ್ಲಾದರೂ ಇಡು ಎಂದು ನನಗೆ ಕೈಸನ್ನೆ ಮಾಡಿದರು.

ಅವರು ಹೋದದ್ದು ಮಧ್ಯಾಹ್ನ, ಊಟದ ಹೊತ್ತಿಗೆ. ಉಸಿರು ದೂರ ದೂರವಾಗುತ್ತಿದೆಯೆಂದು ಡಾಕ್ಟರು ಹೇಳಿ ಕಳಿಸಿದ್ದರಿಂದ ನಾನು ಓಡಿಬಂದು ಮಂಚದ ಪಕ್ಕ ಕೂತು ಅವರ ಕೈ ಹಿಡಿದುಕೊಂಡಿದ್ದೆ. ಸಾಲಿನ ಇನ್ನೊಂದು ತುದಿಯಲ್ಲಿ ಮೂವತ್ತೊಂದು ಜನ ಊಟ ಮುಗಿಸಿ ಹಾಡಲು ಶುರುಮಾಡಿದ್ದರು. ಕೇಳಲು ಬಂದವರಿಂದ ಬಾಗಿಲು ತುಂಬಿತ್ತು. ಕರಿಬಸಪ್ಪ ಒಮ್ಮೆ ಬಾಗಿಲ ಕಡೆ ನೋಡಿದರು, ಒಮ್ಮೆ ನನ್ನನ್ನು. ಏನೋ ಹೇಳಲೆಂದು ತುಟಿಗಳು ಅಲುಗಿದವು. ಆಮೇಲೆ ಕೈ ಭಾರವಾಯಿತು.

ನಾನು ಸಾಲಿನ ಕಡೆ ತಿರುಗಿದೆ. ಮುಸುಕು ಕೆಲಸ ಮಾಡದಿದ್ದರೆ ಅಲ್ಲಿ ಸುಲು ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿದ್ದಳು. ನಿಲ್ಲಲಿಲ್ಲ. ಹಾಡು ಒಂದು ಎಳೆಯೂ ತಪ್ಪಲಿಲ್ಲ. ಯಾವ ಮುಖವೂ ಈ ಕಡೆ ತಿರುಗಲಿಲ್ಲ. ನಾನು ಬರೆದದ್ದು ಸರಿಯಾಗಿತ್ತು.

ಸಾವಂತ್ರವ್ವ ಅಡುಗೆ ಕಡೆಯಿಂದ ಎರಡು ತಟ್ಟೆ ಹಿಡಿದು ಬಂದರು. ಒಂದನ್ನು ನನ್ನ ಮುಂದೆ ಇಟ್ಟು, ಇನ್ನೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಮಂಚದ ಅಂಚಿನಲ್ಲಿ, ಗಂಡನ ಕಾಲ ಬಳಿಯೇ ಕೂತರು. ರೊಟ್ಟಿ ಮುರಿದರು. ನಾನು ಆ ಕೈಯನ್ನು ಬಿಡದೆ ಕೂತದ್ದನ್ನು ಕಂಡು ತಲೆಯೆತ್ತಿದರು.

"ಉಣ್ಣವಾ. ಯಾರಿಗೆ ಕಾಯಾಕತ್ತಿ?"

"ಅಜ್ಜನಿಗೆ" ಎಂದೆ.

ಅವರು ಕರಿಬಸಪ್ಪನವರ ಮುಖದ ಕಡೆ ನೋಡಿದರು. ಚೆನ್ನಾಗಿಯೇ ನೋಡಿದರು. ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಎಡಗೈಯಿಂದ ಹಿಂದಕ್ಕೆ ಸರಿಸಿದರು.

"ಅವರು ಬರ್ತಾರ ತಗೋ" ಎಂದರು. "ಆರಿ ಹೋಗತೈತಿ, ನೀ ಉಣ್ಣು."

ಹಾಡು ನಡೆದೇ ಇತ್ತು. ನಾನು ಅಜ್ಜನ ಕೈಯನ್ನು ಹೊದಿಕೆಯ ಮೇಲೆ ಇಟ್ಟು ತಟ್ಟೆ ತೆಗೆದುಕೊಂಡೆ.